ಇನ್ನೂರ ಹನ್ನೆರಡು ಕಿಲೋಮೀಟರ್

ನಮ್ಮೂರಿಗೂ ಆಚೆಯೂರಿಗೂ ಇನ್ನೂರ ಹನ್ನೆರಡು ಕಿಲೋಮೀಟರ್. ಇದರಲ್ಲಿ ಯಾರ ತಕರಾರೂ ಇಲ್ಲ. ಅಳೆಯುವವರು ಮೂರು ಸಲ ಬಂದು ಅಳೆದಿದ್ದಾರೆ, ಮೂರು ಸಲವೂ ಅಷ್ಟೇ ಬಂದಿದೆ. ಉತ್ತರದ ತುತ್ತತುದಿಯಲ್ಲಿರುವ ವಿಮಾನ ನಿಲ್ದಾಣಗಳು ಇವೆರಡೇ. ನಡುವೆ ಮನೆಯಿಲ್ಲ, ಮರವಿಲ್ಲ, ಕಣ್ಣು ಹರಿದಷ್ಟೂ ಹಿಮ. ತಕರಾರು ಇರುವುದು ದೂರದ್ದಲ್ಲ, ಹೊತ್ತಿನದು. ವಾರಕ್ಕೊಮ್ಮೆ ಬರುವ ಏಳು ಸೀಟಿನ ವಿಮಾನ ಆಚೆಯಿಂದ ಈಚೆಗೆ ಸಾಮಾನ್ಯವಾಗಿ ಐವತ್ತು ನಿಮಿಷದಲ್ಲಿ ಬರುತ್ತದೆ. ಹೊನ್ನಮ್ಮನ ಮಗಳು ತುಂಗಾ ಆಚೆಯೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ಮೊದಲ ಸಲ ರಜೆಗೆ ಬಂದಾಗ ಮೂವತ್ತೊಂದೇ ನಿಮಿಷ ಹಿಡಿದಿತ್ತು. ನಮ್ಮ ಶಾಲೆ ಮುಚ್ಚಿಸಲು ಬಂದ ಅಧಿಕಾರಿಗೆ ಒಂದೂಮುಕ್ಕಾಲು ಗಂಟೆ. ಇಳಿಯುವಾಗ ಆ ಮನುಷ್ಯನ ಮುಖ ಇಂಟರ್‌ವಲ್‌ಗೆ ಮೊದಲೇ ಏಟು ತಿಂದ ವಿಲನ್ ಥರ ಇತ್ತು.

ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದೆಲ್ಲ ಬೆಂಚಿನ ಮೇಲೆ ನಿಂತಿದೆ. ಬರುವ ಒಬ್ಬೊಬ್ಬರಿಗೂ ಯಾರಾದರೊಬ್ಬರು ನಿಲ್ದಾಣದ ಬೆಂಚಿನ ಮೇಲೆ ಬಂದು ಕೂರಬೇಕು. ಕೂತರೆ ಸಾಲದು, ಕಾಯಬೇಕು. ಪೈಲಟ್ ಅಯ್ಯಣ್ಣನಿಗೆ ಮಾತ್ರ ಯಾರೂ ಬೇಡ, ಅವರು ಎರಡೂ ಕಡೆಯವರು. ನಾನು ಚಿಕ್ಕವನಿದ್ದಾಗ ಒಮ್ಮೆ ಆರು ಜನಕ್ಕೆ ಆರು ಜನ ಕಾಯುತ್ತಿದ್ದರಂತೆ, ಏಳನೆಯವನು ಪರ ಊರಿನ ಒಬ್ಬ ಮುದುಕ, ಅವನಿಗೆ ಯಾರೂ ಬಂದಿರಲಿಲ್ಲವಂತೆ. ವಿಮಾನ ಎರಡು ಗಂಟೆಯ ಮೇಲೆ ಬಂತು. ಆರು ಜನ ಇಳಿದರು. ಏಳನೆಯ ಸೀಟಿನಲ್ಲಿ ಬೆಲ್ಟ್ ಕಟ್ಟಿದ ಹಾಗೆಯೇ ಇತ್ತು, ಒಳಗೆ ಮುದುಕ ಇರಲಿಲ್ಲ. ಈ ವಿಷಯವನ್ನು ನಮ್ಮೂರಲ್ಲಿ ಯಾರೂ ಎತ್ತುವುದಿಲ್ಲ. ಎತ್ತುವ ಬದಲು ಒಂದು ಕೆಲಸ ಹುಟ್ಟುಹಾಕಿದರು. ಯಾರೂ ಇಲ್ಲದವರಿಗಾಗಿ ಕಾಯುವ ಕೆಲಸ. ಈಗ ಮೂರು ವರ್ಷದಿಂದ ಅದು ನನ್ನದು.

ನನ್ನ ಹೆಸರು ಕುಬೇರ. ಊರಲ್ಲಿ ಡೈಲಾಗ್ ಕುಬೇರ ಅಂತಾರೆ. ಅಪ್ಪ ಅಮ್ಮ ಇಲ್ಲ, ಸಿರಿಯಕ್ಕ ಒಬ್ಬಳೇ. ಅವಳೇ ಸಾಕಿದ್ದು. ಸಮುದಾಯ ಭವನದ ಪರದೆ ಮೇಲೆ ಹಾಕುವ ಸಿನಿಮಾಗಳನ್ನು ಹತ್ತು ಹತ್ತು ಸಲ ನೋಡಿ ಬೆಳೆದವನು ನಾನು. ಯಾರ ದನಿ ಬೇಕು ಹೇಳಿ, ತೆಗೆದು ತೋರಿಸುತ್ತೇನೆ. ಗಿರಣಿ ರಿಪೇರಿಯವರೋ ಲಸಿಕೆಯವರೋ ಬರುವ ದಿನ ಬೆಂಚಿನ ತುದಿಯಲ್ಲಿ ಕೂತು, ಎದೆ ಮೇಲೆ ಕೈಯಿಟ್ಟು, ‘ಈ ಕುಬೇರ ಕಾಯೋಕೆ ಕೂತ್ರೆ ಕಾಲಾನೂ ಕೈ ಕಟ್ಕೊಂಡು ನಿಲ್ಲುತ್ತೆ’ ಎಂದು ಶುರು ಮಾಡಿದರೆ ಅಕ್ಕಪಕ್ಕದವರು ಬೈಯುತ್ತಲೇ ನಗುತ್ತಿದ್ದರು. ಬಂದವರೆಲ್ಲ ಕ್ಷೇಮವಾಗಿ ಇಳಿದಿದ್ದರಿಂದ ನಾನು ಕಾಯುತ್ತಿದ್ದೇನೋ ನಟಿಸುತ್ತಿದ್ದೇನೋ ಎಂದು ಯಾರೂ ವಿಚಾರಿಸಲಿಲ್ಲ. ನಾನೂ ವಿಚಾರಿಸಿಕೊಂಡಿರಲಿಲ್ಲ.

ಅಕ್ಕನ ಕಣ್ಣಿಗೆ ಪೊರೆ ಬಂದು, ಆಚೆಯೂರಿನಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಕಟ್ಟಿಯೇ ಕಳಿಸುತ್ತೇವೆ, ಮೂರು ವಾರ ಬಿಟ್ಟು ಬಂದು ಬಿಚ್ಚಿಸಿಕೊಳ್ಳಲಿ, ಅಲ್ಲಿಯವರೆಗೆ ಒಂದು ಹನಿಯೂ ಅಳಬಾರದು ಎಂದು ಡಾಕ್ಟರು ವೈರ್‌ಲೆಸ್‌ನಲ್ಲಿ ಹೇಳಿ ಕಳಿಸಿದ್ದರು. ಕೈ ಹಿಡಿದು ಕರೆತರಲು ತುಂಗಾ ಜೊತೆಗೆ ಬರುತ್ತಿದ್ದಳು. ಇನ್ನೊಬ್ಬ ಗಿರಣಿ ಮೆಕ್ಯಾನಿಕ್. ಬೆಂಚಿನ ಮೇಲೆ ಅಕ್ಕನಿಗೂ ಮೆಕ್ಯಾನಿಕ್‌ಗೂ ನಾನು, ತುಂಗಾಗೆ ಹೊನ್ನಮ್ಮತ್ತೆ. ಹೊನ್ನಮ್ಮತ್ತೆಯ ಜೊತೆ ಅವರ ಇಬ್ಬರು ವಾರಗಿತ್ತಿಯರು ಸುಮ್ಮನೆ ಬಂದಿದ್ದರು. ಒಬ್ಬರು ಇಬ್ಬರಿಗೆ ಕಾಯಬಹುದು. ಮೂರನೆಯವರು ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ನಮ್ಮೂರಿನ ಅನುಭವ.

ವಿಮಾನ ಆಚೆಯಿಂದ ಹೊರಡುವುದು ಹನ್ನೊಂದಕ್ಕೆ. ನಾವು ಬಂದು ಕೂತಾಗ ಒಂಬತ್ತೂಮುಕ್ಕಾಲು. ನಿಲ್ದಾಣ ನೋಡಿಕೊಳ್ಳುವ ಹಾಲಪ್ಪಣ್ಣ ಸಲಿಕೆ ಹಿಡಿದು ರನ್‌ವೇ ಹಿಮ ಎಳೆಯಲು ಹೋಗಿದ್ದರು. ಒಲೆಯ ಪಕ್ಕದ ಬೆಚ್ಚಗಿನ ಜಾಗ ಎಂದಿನಂತೆ ಹೊನ್ನಮ್ಮತ್ತೆಯದು. ನನಗೂ ಸ್ವಲ್ಪ ಸರಿದು ಜಾಗ ಕೊಡಿ ಎಂದದ್ದಕ್ಕೆ, ದುಡಿಯುವ ಮೈಯಾದರೆ ಚಳಿ ಆಗುವುದಿಲ್ಲ, ನಿನ್ನಂಥ ಮಂಗನಿಗೇ ಆಗುವುದು ಎಂದು ವಾರಗಿತ್ತಿಯರ ಎದುರು ಹಂಗಿಸಿದರು. ಸರಿ, ನನಗೆ ತಡೆಯಲಾಗಲಿಲ್ಲ. ಹಾಲಪ್ಪಣ್ಣನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಒಳಗಿನ ಸ್ಪೀಕರಿಗೆ ಮಾತ್ರ ಮೈಕು ಹಾಕಿ, ಅವರ ಹಾಗೆಯೇ ಮೊದಲು ಎರಡು ಸಲ ಕೆಮ್ಮಿ, ಮೂಗಿನಲ್ಲಿ ಒಂದು ಎಳೆತ ಎಳೆದು ಹೇಳಿದೆ. ಇವತ್ತಿನ ವಿಮಾನ ರದ್ದಾಗಿದೆ, ಆಚೆ ಕಡೆ ಗಾಳಿ ಜೋರಿದೆ, ಎಲ್ಲರೂ ಮನೆಗೆ ಹೋಗತಕ್ಕದ್ದು.

ಬಾಗಿಲ ಸಂದಿನಿಂದ ನೋಡಿದೆ. ಹೊನ್ನಮ್ಮತ್ತೆಯ ಮುಖ ಇಳಿದುಹೋಯಿತು. ಮಗಳಿಗೆಂದು ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಬಿಸಿ ಕಡುಬನ್ನು ಮತ್ತೆ ಕಂಬಳಿಯೊಳಗೆ ಸೇರಿಸಿಕೊಂಡು ಎದ್ದರು. ಗೇಟಿನ ಹತ್ತಿರ ಅಡ್ಡ ನಿಂತು ‘ಕಟ್, ಕಟ್’ ಎಂದು ಕೂಗಿ ವಾಪಸ್ ಕರೆತರಬೇಕು, ಅಷ್ಟರಲ್ಲಿ ಒಲೆಯ ಪಕ್ಕದ ಜಾಗ ನನ್ನದಾಗಿರಬೇಕು. ಇದು ನನ್ನ ಚಿತ್ರಕಥೆ. ವಿಮಾನ ಹೊರಡುವುದಕ್ಕೇ ಇನ್ನೂ ಒಂದು ಗಂಟೆ ಇದೆಯಲ್ಲ ಎಂಬ ಧೈರ್ಯ. ಪಕ್ಕದ ಕಿಟಕಿಯಿಂದ ಹಾರಿ ಗೇಟಿಗೆ ಓಡಿ ನಿಂತೆ. ಹತ್ತು ನಿಮಿಷ ನಿಂತೆ. ಯಾರೂ ಬರಲಿಲ್ಲ. ಗೇಟಿನ ಕಡೆ ಹಿಮ ಬಿದ್ದಿದೆ ಎಂದು ಅವರು ಹಿಂಬದಿಯ ಕಾಲುದಾರಿಯಲ್ಲಿ ಇಳಿದು ಹೋಗಿದ್ದರು.

ನಗುತ್ತಲೇ ಒಳಗೆ ಬಂದೆ. ಖಾಲಿ ಕೋಣೆಯಲ್ಲಿ ವೈರ್‌ಲೆಸ್ ಮಾತಾಡುತ್ತಿತ್ತು. ಅಯ್ಯಣ್ಣನ ದನಿ. ಮಧ್ಯಾಹ್ನಕ್ಕೆ ಬಿರುಗಾಳಿ ಬರುವ ಸೂಚನೆ ಇದ್ದುದರಿಂದ ಒಂಬತ್ತು ಐವತ್ತಕ್ಕೇ ಹೊರಟುಬಿಟ್ಟಿದ್ದೇನೆ, ಐದಾರು ನಿಮಿಷದಿಂದ ಕರೆಯುತ್ತಿದ್ದೇನೆ, ಯಾರೂ ಉತ್ತರ ಕೊಡುತ್ತಿಲ್ಲವಲ್ಲ ಎನ್ನುತ್ತಿದ್ದರು. ನಾನು ಮೈಕಿನಲ್ಲಿ ಹಾಲಪ್ಪಣ್ಣನಾಗಿದ್ದ ಹೊತ್ತಿಗೆ ವಿಮಾನ ಆಕಾಶದಲ್ಲಿತ್ತು. ಗಡಿಯಾರ ನೋಡಿದೆ, ಹತ್ತೂ ಹತ್ತು. ಬೆಂಚು ನೋಡಿದೆ. ಅಷ್ಟು ಖಾಲಿ ಬೆಂಚನ್ನು ನಾನು ಯಾವತ್ತೂ ನೋಡಿರಲಿಲ್ಲ.

ಓಡಿಹೋಗಿ ಹಾಲಪ್ಪಣ್ಣನಿಗೆ ಹೇಳಿದೆ. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಸಲಿಕೆ ಅಲ್ಲೇ ಬಿಟ್ಟು ಕುಂಟುತ್ತಾ ಬಂದು ಮೈಕು ಹಿಡಿದರು. ಅವರ ಒಂದು ಮಂಡಿ ಹತ್ತು ವರ್ಷದಿಂದ ಮಡಚುವುದಿಲ್ಲ. ವಿಮಾನ ಬರುತ್ತಿದೆ, ಮೊದಲು ಹೇಳಿದ್ದು ಸುಳ್ಳು, ಹೊನ್ನಮ್ಮ ತಕ್ಷಣ ಬರಬೇಕು ಎಂದು ನಾಲ್ಕು ಸಲ ಕೂಗಿದರು. ಈ ಸಲ ಹೊರಗಿನ ಸ್ಪೀಕರನ್ನೂ ಹಾಕಿದ್ದರು, ಅದು ಊರಿಗೆಲ್ಲ ಕೇಳುತ್ತದೆ. ಕಿಟಕಿಯಿಂದ ನೋಡಿದರೆ ಕೆಳಗಿನ ದಾರಿಯಲ್ಲಿ ಮೂರು ಕಂಬಳಿಗಳು ಒಂದು ಕ್ಷಣ ನಿಂತವು. ಒಂದು ಕಂಬಳಿ ನಮ್ಮ ಕಡೆಗೆ ಕೈ ಬೀಸಿ, ಹೋಗೋ ಎನ್ನುವ ಹಾಗೆ ಮಾಡಿತು. ಮೊದಲಿನದು ಹಾಲಪ್ಪಣ್ಣ, ಇದು ಕುಬೇರನ ಆಟ ಎಂದು ಲೆಕ್ಕ ಹಾಕಿ ಮತ್ತೆ ನಡೆದವು. ಹಾಲಪ್ಪಣ್ಣನ ದನಿಯನ್ನು ಹಾಲಪ್ಪಣ್ಣನದೆಂದು ಎರಡನೆಯ ಸಲವೂ ನಂಬುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಮೂರು ವರ್ಷ ಕಷ್ಟಪಟ್ಟು ನಾನು ಮಾಡಿದ ಸಾಧನೆ ಅದು.

ನಾನು ಓಡುತ್ತೇನೆ, ಹತ್ತು ನಿಮಿಷದಲ್ಲಿ ಕರೆತರುತ್ತೇನೆ ಎಂದು ಬಾಗಿಲಿಗೆ ಹೋದೆ. ಹಾಲಪ್ಪಣ್ಣ ನನ್ನ ಕೊರಳಪಟ್ಟಿ ಹಿಡಿದು ಬೆಂಚಿನ ಮೇಲೆ ಕುಕ್ಕಿದರು.

“ನೀನೂ ಎದ್ರೆ ಮೂರೂ ಜನ ಹೋದ್ರು. ಕೂತ್ಕೋ.”

“ಅಣ್ಣ, ನಿಮ್ಮ ಕಾಲು...”

“ನನ್ನ ಕಾಲು ನಾನ್ ನೋಡ್ಕೋತೀನಿ. ನೀನು ನಿಮ್ಮಕ್ಕನ್ನ ನೋಡ್ಕೋ. ಬಾಯಿ ಮುಚ್ಕೊಂಡು ಕಾಯಿ. ಒಂದು ದಿನಾನಾದ್ರೂ ನಿಜವಾಗಿ ಕಾಯಿ.”

ವೈರ್‌ಲೆಸ್ಸನ್ನು ತಂದು ನನ್ನ ಪಕ್ಕ ಬೆಂಚಿನ ಮೇಲಿಟ್ಟು, ಒಂದು ಕೋಲು ಹಿಡಿದು ಹಿಮದಲ್ಲಿ ಇಳಿದು ಹೋದರು.

ಕಾಯುವುದು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದೆ. ಅಕ್ಕ ಒಲೆ ಊದುವಾಗ ಕೆಂಪಾಗುವ ಅವಳ ಮುಖ ತಂದುಕೊಂಡೆ, ಬಂತು. ಮೆಕ್ಯಾನಿಕ್‌ನ ಎಣ್ಣೆ ಮೆತ್ತಿದ ಉಗುರು ತಂದುಕೊಂಡೆ, ಅದೂ ಬಂತು. ತುಂಗಾಳನ್ನು ತರಲು ಹೋದೆ. ನರ್ಸ್ ಆಗುವ ಮೊದಲು ಅವಳಿಗೆ ಉಗ್ಗು ಇತ್ತು, ಅದನ್ನು ನಾನು ಅಣಕಿಸುತ್ತಿದ್ದೆ. ನನಗೆ ಬಂದದ್ದು ಆ ಉಗ್ಗು, ಅದೂ ಅವಳದಲ್ಲ, ನಾನು ಮಾಡುತ್ತಿದ್ದದ್ದು. ಅವಳ ಮುಖ ಬರಲಿಲ್ಲ. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗ, ವಿಮಾನ ಕಾಣಬೇಕಾಗಿದ್ದ ಹೊತ್ತಿಗೆ, ವೈರ್‌ಲೆಸ್ ಗೊರಗುಟ್ಟಿತು. ನಿಮ್ಮೂರು ಕಾಣುತ್ತಿದೆ, ಆದರೆ ಹತ್ತಿರ ಬಂದಷ್ಟೂ ಹಿಂದೆ ಸರಿಯುತ್ತಿದೆ, ಬೆಂಚಿನ ಮೇಲೆ ಯಾರಿದ್ದಾರೆ ಎಂದು ಅಯ್ಯಣ್ಣ ಕೇಳಿದರು. ಹೊರಡುವಾಗ ವಿಮಾನಕ್ಕೆ ತುಂಬಿಸುವ ಪೆಟ್ರೋಲ್ ಎರಡೂಕಾಲು ಗಂಟೆಯದು. ಎಂದರೆ ಹನ್ನೆರಡೂ ಐದರವರೆಗೆ. ನಾನು ಗುಂಡಿ ಒತ್ತಿ, ಇದ್ದೇನೆ ಅಣ್ಣ, ನಾನು ಕುಬೇರ ಎಂದೆ. ಇನ್ಯಾರು ಎಂದರು. ನಾನು ಗುಂಡಿಯಿಂದ ಬೆರಳು ತೆಗೆದೆ.

ಹನ್ನೊಂದೂವರೆಗೆ ಮತ್ತೆ ಅಯ್ಯಣ್ಣ ಕರೆದರು. ಈ ಸಲ ದನಿ ಬಹಳ ಮೆಲ್ಲಗಿತ್ತು, ಹಿಂದೆ ಕೂತವರಿಗೆ ಕೇಳಬಾರದು ಎನ್ನುವ ಹಾಗೆ.

“ಕುಬೇರ, ನಿಮ್ಮಕ್ಕನ ಪಕ್ಕ ತುಂಗಾ ಕೂತಿದ್ಲು. ಕನ್ನಡೀಲಿ ನೋಡ್ತಾ ಇದ್ದೀನಿ. ಅವಳ ಹಿಂದಿರೋ ಸೀಟಿನ ಹೊಲಿಗೆ ಕಾಣ್ತಾ ಇದೆ ಕಣೋ. ಅವಳಿದ್ದಾಳೆ, ಆದ್ರೆ ಹೊಲಿಗೆ ಕಾಣ್ತಾ ಇದೆ.”

ಆಗ ನಾನು ಮಾಡಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ತುಂಗಾಳನ್ನು ಹಿಡಿಯಲು ಇರುವ ಬಲವನ್ನೆಲ್ಲ ಹಾಕಿದೆ. ಅವಳ ಜಡೆ ಬಂತು, ಬಿಳಿ ಬೂಟು ಬಂತು, ಇನ್ನೇನು ಮುಖವೂ ಬರಬೇಕು, ಅಷ್ಟರಲ್ಲಿ ಅಕ್ಕನ ಮುಖ ಎಲ್ಲಿ ಎಂದು ನೋಡಿಕೊಂಡರೆ ಇರಲಿಲ್ಲ. ಒಲೆ ಇತ್ತು, ಹೊಗೆ ಇತ್ತು, ಊದುವವರಿರಲಿಲ್ಲ. ಸಿನಿಮಾದಲ್ಲಾದರೆ ಹೀರೋ ಇಬ್ಬರನ್ನೂ ಎರಡು ಕೈಯಲ್ಲಿ ಎತ್ತಿಕೊಂಡು ಬರುತ್ತಾನೆ. ನಾನು ತುಂಗಾಳನ್ನು ಬಿಟ್ಟುಬಿಟ್ಟೆ. ಗೊತ್ತಿದ್ದೇ ಬಿಟ್ಟೆ. ಅಕ್ಕ, ಅಕ್ಕ ಎಂದುಕೊಳ್ಳುತ್ತಾ ಕೂತೆ. ವೈರ್‌ಲೆಸ್ ನನ್ನನ್ನು ಎರಡು ಸಲ ಕರೆಯಿತು, ಕೈ ನೀಡಲಿಲ್ಲ.

ಹನ್ನೊಂದೂ ನಲವತ್ತೈದಕ್ಕೆ ಬಾಗಿಲು ತೆರೆದು ಹೊನ್ನಮ್ಮತ್ತೆ ಬಂದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೈಕಿನ ಹಾಲಪ್ಪಣ್ಣನನ್ನು ನಂಬದವರು, ಮನೆ ಬಾಗಿಲಿಗೆ ಕುಂಟಿಕೊಂಡು ಬಂದ ಹಾಲಪ್ಪಣ್ಣನನ್ನು ನಂಬಿದ್ದರು. ನನ್ನ ಕಡೆ ನೋಡಲಿಲ್ಲ. ಒಲೆಯ ಪಕ್ಕಕ್ಕೂ ಹೋಗಲಿಲ್ಲ. ಬೆಂಚಿನ ಆ ತುದಿಯಲ್ಲಿ ಕೂತು, ಎರಡೂ ಕೈಯನ್ನು ಮಡಿಲಲ್ಲಿಟ್ಟು, ಕಿಟಕಿಯ ಆಚೆ ನೋಡತೊಡಗಿದರು. ಅಷ್ಟೇ. ತುಟಿ ಅಲ್ಲಾಡಲಿಲ್ಲ, ಕಣ್ಣೀರಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೆ ಗಾಳಿಯೇ ಅವರ ಕಡೆಗೆ ಜಗ್ಗುತ್ತಿರುವಂತೆ ಅನ್ನಿಸಿತು. ಕಾಯುವುದನ್ನು ನಾನು ಮೊದಲ ಸಲ ಕಂಡದ್ದು ಆಗ. ಏಳು ನಿಮಿಷದಲ್ಲಿ ಎಂಜಿನ್ ಸದ್ದು ಕೇಳಿತು.

ಮೂವರೂ ಇಳಿದರು. ತುಂಗಾ ಮೆಟ್ಟಿಲ ಕಂಬಿಯನ್ನು ಬಿಡಲು ಒಪ್ಪಲಿಲ್ಲ. ಹೊನ್ನಮ್ಮತ್ತೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅವತ್ತಿನಿಂದ ಆ ಹುಡುಗಿ ಏನನ್ನಾದರೂ ಹಿಡಿದುಕೊಳ್ಳದೆ ಎಲ್ಲೂ ಕೂರುವುದಿಲ್ಲ. ಅಕ್ಕ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ನನ್ನ ಭುಜ ತಡವಿ ಹಿಡಿದು, ಯಾಕೋ ಇಷ್ಟು ಹೊತ್ತಾಯಿತು ಎಂದಳು. ಎದುರುಗಾಳಿ ಎಂದೆ. ಸದ್ದು ಕೇಳಿ ಓಡಿಬಂದು ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಾರೂ ಬಾಯಿ ಬಿಡಲಿಲ್ಲ. ಅವಳು ಅಳುವಂತಿರಲಿಲ್ಲವಲ್ಲ.

ಮನೆಯ ದಾರಿಯಲ್ಲಿ ಅಕ್ಕ ತಾನಾಗಿಯೇ ಹೇಳಿದಳು. “ಆ ಹುಡುಗಿ ಉದ್ದಕ್ಕೂ ನನ್ನ ಕೈ ಹಿಡ್ಕೊಂಡಿದ್ಲು ಕಣೋ. ನಡುವೆ ಒಂದಷ್ಟು ಹೊತ್ತು ಕೈ ಇರ್ಲಿಲ್ಲ. ಎದ್ದು ಹೋದ್ಲೇನೋ ಅಂದ್ಕೊಂಡೆ. ಅಷ್ಟು ಸಣ್ಣ ವಿಮಾನದಲ್ಲಿ ಎಲ್ಲಿಗೆ ಎದ್ದು ಹೋಗ್ತಾಳೆ?”

ಮೂರು ವಾರ ಊರು ಅಕ್ಕನ ಸಲುವಾಗಿ ಸುಮ್ಮನಿತ್ತು. ಪಟ್ಟಿ ಬಿಚ್ಚಿಸಲು ಅವಳನ್ನು ಕರೆದುಕೊಂಡು ನಾನೇ ಹೋಗಬೇಕಿತ್ತು. ಆಚೆ ಕಡೆಯ ಬೆಂಚಿಗೆ ಆಸ್ಪತ್ರೆಯವರು ಬರುತ್ತಾರೆ. ಹಿಂದಕ್ಕೆ ಬರುವಾಗ? ನಮ್ಮಿಬ್ಬರಿಗೆ ನಾವಿಬ್ಬರೇ. ಯಾರೂ ಇಲ್ಲದವರಿಗಾಗಿ ಕಾಯುವವನು ಊರಲ್ಲಿ ಒಬ್ಬನೇ, ಅವನು ನಾನು. ಮನೆ ಮನೆಗೆ ಹೋದೆ. ಯಾರೂ ಇಲ್ಲ ಅನ್ನಲಿಲ್ಲ. ಬರದೇ ಇರ್ತೀವಾ ಕುಬೇರ ಎಂದು ನಗುನಗುತ್ತಾ ಹೇಳಿದರು. ಆ ನಗು ನನಗೆ ಚೆನ್ನಾಗಿ ಗೊತ್ತು, ನನ್ನದೇ ಅದು. ಎಂಟು ಮನೆಯಲ್ಲಿ ಅದನ್ನೇ ಕೇಳಿ ಒಂಬತ್ತನೆಯದಕ್ಕೆ ಹೊನ್ನಮ್ಮತ್ತೆಯ ಮನೆಗೆ ಹೋದೆ. ಅವರು ಹಿಟ್ಟು ನಾದುತ್ತಿದ್ದರು. ನಗಲಿಲ್ಲ.

“ಸಿರಿಗೆ ಕಾಯ್ತೀನಿ. ಅವಳು ನನ್ನ ಮಗಳ ಕೈ ಹಿಡ್ಕೊಂಡು ಬಂದೋಳು. ನಿನಗೆ ಕಾಯಕ್ಕಾಗಲ್ಲ ಕುಬೇರ. ನಾನು ಬೇಕಂತ ಮಾಡ್ತೀನಿ ಅಂತಲ್ಲ. ಕೂತ್ರೂ ಆಗಲ್ಲ.”

ತಲೆಯಾಡಿಸಿದೆ. ಊರಲ್ಲಿ ನಂಬಬಹುದಾದ ಮಾತು ಸಿಕ್ಕಿದ್ದು ಅದೊಂದೇ.

ಆಚೆಯೂರಿನಲ್ಲಿ ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ನೋಡಿದ್ದು ನನ್ನನ್ನು. ಇಷ್ಟು ಯಾಕೋ ಸೊರಗಿದ್ದೀಯ ಎಂದು ಗದ್ದ ಹಿಡಿದು ತಿರುಗಿಸಿ ನೋಡಿದಳು. ವಿಮಾನದಲ್ಲಿ ಒಂದೇ ಸೀಟು ಉಳಿದಿದೆ, ನೀನು ಹೋಗಿರು, ನಾನು ಮುಂದಿನ ವಾರ ಬರುತ್ತೇನೆ, ನನಗೆ ಬೆಂಚಿನ ಮೇಲೆ ನೀನೇ ಕೂತಿರು ಎಂದೆ. ಸೀಟು ಆರು ಖಾಲಿ ಇದ್ದವು. ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಎಲ್ಲಾ ಹೇಳಿಬಿಡಬೇಕು ಎಂದುಕೊಂಡಿದ್ದೆ. ಇನ್ನು ಅತ್ತರೂ ತೊಂದರೆಯಿರಲಿಲ್ಲ. ನಾನು ಹೇಳದಿದ್ದರೆ ಹೊನ್ನಮ್ಮತ್ತೆ ಹೇಳುತ್ತಾರೆ ಎನ್ನುವುದೂ ಗೊತ್ತಿತ್ತು. ಬಾಯಿ ತೆರೆದೆ. “ಹೋಗಿ ಬಾ ಅಕ್ಕ. ಈ ತಮ್ಮನ ಉಸಿರಿರೋವರೆಗೂ ನಿನ್ನ ದಾರೀಲಿ ಗಾಳೀನೂ ಅನುಮತಿ ಕೇಳಿ ಬೀಸ್ಬೇಕು” ಎಂದು ಬಂತು. ಅಕ್ಕ ನಕ್ಕು ಕಪಾಳಕ್ಕೆ ಮೆಲ್ಲಗೆ ತಟ್ಟಿ ಹತ್ತಿದಳು. ನಲವತ್ತೊಂಬತ್ತು ನಿಮಿಷಕ್ಕೆ ಇಳಿದಳೆಂದು ವೈರ್‌ಲೆಸ್‌ನಲ್ಲಿ ತಿಳಿಯಿತು.

ಆ ವಾರ ನಾನು ನಿದ್ದೆ ಮಾಡಿದ್ದು ಕಡಿಮೆ. ಆಚೆಯೂರಿನ ನಿಲ್ದಾಣದಲ್ಲೇ ಇದ್ದು, ದಕ್ಷಿಣದಿಂದ ಬರುವ ವಿಮಾನಗಳಿಗೆ ಬೆಂಚಿನ ಮೇಲೆ ಕೂತವರನ್ನು ನೋಡುತ್ತಿದ್ದೆ. ಯಾರು ನಿಜವಾಗಿ ಕಾಯುತ್ತಿದ್ದಾರೆ, ಯಾರು ಸುಮ್ಮನೆ ಕೂತಿದ್ದಾರೆ ಎಂದು ಹೇಳಲು ನೋಡಿದೆ. ಹೇಳಲಾಗಲಿಲ್ಲ. ಮುಖದಲ್ಲಿ ಏನೂ ಇರುವುದಿಲ್ಲ.

ವಿಮಾನದ ದಿನ ಹೋಗುವವನು ನಾನೊಬ್ಬನೇ. ಅಯ್ಯಣ್ಣ ಆ ದಿನದ ಮೇಲೆ ಮಾಡಿಕೊಂಡ ರೂಢಿಯಂತೆ ಹೊರಡುವ ಮೊದಲು ಬೆಂಚಿನ ಮೇಲೆ ಯಾರಿದ್ದಾರೆ ಎಂದು ಕೇಳಿದರು. ಸಿರಿಯಮ್ಮ ಬಂದು ಕೂತಿದ್ದಾರೆ ಎಂದು ಹಾಲಪ್ಪಣ್ಣನ ಉತ್ತರ ಬಂತು. ನಾನು ಅಯ್ಯಣ್ಣನ ಕೈಯಿಂದ ಮೈಕು ತೆಗೆದುಕೊಂಡೆ.

“ಹಾಲಪ್ಪಣ್ಣ, ಅಕ್ಕನಿಗೆ ಗೊತ್ತಾಯ್ತಾ?”

“ಇಳಿದ ದಿನಾನೇ ಹೊನ್ನಮ್ಮ ಹೇಳಿದ್ಲು.”

“ಏನಂದ್ಲು?”

“ಏನೂ ಅಂದಿಲ್ಲ. ಅವತ್ತಿಂದ ಯಾರ ಹತ್ರಾನೂ ಮಾತಿಲ್ಲ. ಇವತ್ತು ಬೆಳಕು ಹರಿಯೋ ಮೊದ್ಲೇ ಬಂದು ಕೂತಿದಾಳೆ. ಕಿಟಕಿಗೆ ಬೆನ್ನು ಹಾಕಿ.”

ಹಿಮದ ಬಿಳುಪನ್ನು ಒಂದು ತಿಂಗಳು ನೋಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಇರಬೇಕು ಎಂದುಕೊಂಡೆ. ಇನ್ನೊಂದು ಸಲ ಅದನ್ನೇ ಅಂದುಕೊಂಡೆ. ಅಯ್ಯಣ್ಣ ಮುಂದಿನ ಗಾಜನ್ನು ಒರೆಸುತ್ತಾ, ಇಲ್ಲೇ ಉಳಿದುಕೊಂಡರೂ ತಪ್ಪಿಲ್ಲ, ಆಚೆಯೂರಿನಲ್ಲೂ ಕಾಯುವವರು ಬೇಕಾಗಿದ್ದಾರೆ ಎಂದರು. ನಾನು ಉಳಿದುಕೊಂಡರೆ ಅಲ್ಲಿ ಒಬ್ಬಳು ಬೆನ್ನು ಹಾಕಿಕೊಂಡಾದರೂ ಸಂಜೆಯವರೆಗೆ ಕೂತಿರುತ್ತಾಳೆ. ಹೋದರೆ, ಅವಳು ಯಾವ ಥರ ಕೂತಿದ್ದಾಳೆ ಎನ್ನುವುದು ಐವತ್ತು ನಿಮಿಷಕ್ಕೆ ಗೊತ್ತಾಗುತ್ತದೆ, ಇಲ್ಲದಿದ್ದರೆ ಪೆಟ್ರೋಲ್ ಮುಗಿಯುವ ಎರಡೂಕಾಲು ಗಂಟೆಗೆ.

“ಬರ್ತಾ ಇದ್ದೀನಿ ಅಂತ ಅಕ್ಕನಿಗೆ ಹೇಳಿ,” ಎಂದೆ.

ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಹಾಲಪ್ಪಣ್ಣ, ಹೇಳಿದೆ ಎಂದರು. ಅವಳು ತಿರುಗಿ ನೋಡಿದಳಾ ಎಂದು ನಾನು ಕೇಳಿದೆ. ಅಷ್ಟರಲ್ಲಿ ಅಯ್ಯಣ್ಣ ಎಂಜಿನ್ ಶುರು ಮಾಡಿದ್ದರು. ಉತ್ತರ ಬಂದಿರಬೇಕು, ನನಗೆ ಕೇಳಿಸಲಿಲ್ಲ.